ಹಿಲೋ ಮಳೆಯಲ್ಲಿ ಯುಗಾದಿ ಚಂದ್ರ

ಯೂನಿಯನ್ ಸಿಟಿ

ಹವಾಯಿಗೆ ಹೊರಡುವ ಹದಿನೈದು ದಿನ ಮೊದಲೇ ನಾನು ಅಲ್ಲಿನ ಮಳೆಯಲ್ಲಿ ನೆನೆಯಲು ಶುರುಮಾಡಿದ್ದೆ. ನನ್ನ ಫೋನಿನಲ್ಲಿ ಹವಾಮಾನ ಹೇಳುವ ಆ್ಯಪುಗಳು ನಾಲ್ಕಿವೆ. ಒಂದು ಏಳು ದಿನವೂ ಮಳೆ ಅನ್ನುತ್ತಿತ್ತು. ಇನ್ನೊಂದು ಚದುರಿದ ಮೋಡ ಅನ್ನುತ್ತಿತ್ತು. ಮೂರನೆಯದು ಸೂರ್ಯನನ್ನೂ ಮೋಡವನ್ನೂ ಎರಡು ಹನಿಯನ್ನೂ ಒಂದೇ ಚಿತ್ರದಲ್ಲಿ ತುರುಕಿ ಕೈತೊಳೆದುಕೊಂಡಿತ್ತು. ಈ ಮೂರರಲ್ಲಿ ಯಾವುದು ಸುಳ್ಳು ಎಂದು ತಿಳಿಯಲು ನಾಲ್ಕನೆಯದನ್ನು ಇಟ್ಟುಕೊಂಡಿದ್ದೇನೆ. ಅದು ಮೂರರ ಜೊತೆಗೂ ಒಪ್ಪುತ್ತಿರಲಿಲ್ಲ.

ನನ್ನ ಹೆಂಡತಿ ಶೈಲಾಗೆ ಆ ವಾರ ಆಫೀಸಿನಲ್ಲಿ ರಜೆ ಸಿಕ್ಕಿರಲಿಲ್ಲ. ನನ್ನ ಪೆಟ್ಟಿಗೆಗೆ ಮೂರನೆಯ ಛತ್ರಿ ಹೋಗುವುದನ್ನು ನೋಡುತ್ತಾ ಕೂತಿದ್ದವಳು, "ದ್ವೀಪ ಅಂದ್ಮೇಲೆ ಸುತ್ತ ನೀರೇ ಅಲ್ವಾ, ಮೇಲಿಂದಲೂ ಸ್ವಲ್ಪ ಬಿದ್ರೆ ಏನಾಯ್ತು?" ಅಂದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳು ನನ್ನ ಜೊತೆ ವಾದ ಮಾಡುವುದನ್ನು ಬಿಟ್ಟಿದ್ದಾಳೆ, ಟಿಪ್ಪಣಿ ಮಾತ್ರ ಮಾಡುತ್ತಾಳೆ.

ಊರಿನ ಓದುಗರಿಗೆ ಒಂದು ಮಾತು. ಅಮೆರಿಕದ ಪಶ್ಚಿಮ ಕರಾವಳಿಯ ಈ ಯೂನಿಯನ್ ಸಿಟಿಯಲ್ಲಿ ಮಾರ್ಚ್ ತಿಂಗಳೆಂದರೆ ನಮ್ಮ ಹಿಂದಿನ ಗುಡ್ಡಗಳೆಲ್ಲ ಹಸಿರಾಗುವ ಕಾಲ. ಬೆಳಿಗ್ಗೆ ಸ್ವೆಟರು, ಮಧ್ಯಾಹ್ನ ಅರ್ಧ ತೋಳು, ಸಂಜೆ ಮತ್ತೆ ಸ್ವೆಟರು. ಇದಕ್ಕೂ ಚಿಂತೆ ಮಾಡುವವನಿದ್ದಾನೆ ಎಂದರೆ ಅದು ನಾನೇ. ಕನ್ನಡ ಕೂಟದ ಪಿಕ್‌ನಿಕ್ಕಿಗೆ ಮುಂಚೆ ನಾಲ್ಕು ಜನ ನನಗೆ ಫೋನು ಮಾಡಿ ಮಳೆ ಬರುತ್ತದೆಯೇ ಎಂದು ಕೇಳುತ್ತಾರೆ. ತಮಾಷೆಗೆ ಕೇಳುತ್ತಾರೆಂದು ಗೊತ್ತಿದ್ದೂ ನಾನು ಗಂಭೀರವಾಗಿ ಉತ್ತರ ಕೊಡುತ್ತೇನೆ.

ನನ್ನ ಮಾತನ್ನು ತಮಾಷೆಯೆಂದು ತಿಳಿಯದೆ ಕೇಳಿದವಳು ನನ್ನ ಅಕ್ಕ ಒಬ್ಬಳೇ. ಜಯಕ್ಕ ಗುಡ್ಡದಾಚೆಯ ಲಿವರ್‌ಮೋರಿನಲ್ಲಿ ಮಕ್ಕಳ ಡಾಕ್ಟರು, ನನಗಿಂತ ಎಂಟು ವರ್ಷ ದೊಡ್ಡವಳು. ಮೂರು ವರ್ಷದ ಹಿಂದೆ, ಒಂದು ಚಳಿಗಾಲದಲ್ಲಿ, ಮೈಸೂರಿನಲ್ಲಿ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂತು. ಅಕ್ಕ ಅವತ್ತು ಸಂಜೆಯ ವಿಮಾನಕ್ಕೆ ಹೊರಟು ನಿಂತಿದ್ದಳು. ನಾನು ಫೋನು ಮಾಡಿ, ಸಮುದ್ರದ ಕಡೆಯಿಂದ ದೊಡ್ಡ ಬಿರುಗಾಳಿ ಬರುತ್ತಿದೆ, ಫ್ರೀವೇಯಲ್ಲಿ ಮರ ಬೀಳುತ್ತವೆ, ವಿಮಾನ ಹೊರಡುವುದೇ ಇಲ್ಲ, ನಾಳೆ ಹೋಗು ಎಂದೆ. ಅವಳು ನಾಳೆ ಹೋದಳು. ದಾರಿಯಲ್ಲಿ ವಿಮಾನ ಬದಲಿಸುವ ಊರಿನಲ್ಲಿ ಕೂತಿದ್ದಾಗ ಅಮ್ಮ ತೀರಿಕೊಂಡ ಸುದ್ದಿ ಅವಳಿಗೆ ಮುಟ್ಟಿತು.

ಬಿರುಗಾಳಿ ಅವತ್ತು ಬರಲಿಲ್ಲ. ಉತ್ತರಕ್ಕೆ ತಿರುಗಿಕೊಂಡು ಹೋಯಿತು. ವಿಮಾನ ಸರಿಯಾದ ಹೊತ್ತಿಗೆ ಹೊರಟಿತು. ಇದು ನನಗೆ ಗೊತ್ತು, ಏಕೆಂದರೆ ಆ ಸಂಜೆ ಮನೆಯಲ್ಲಿ ಕೂತು ಅದು ಸಮುದ್ರದ ಮೇಲೆ ಹೋಗುವುದನ್ನು ಫೋನಿನಲ್ಲಿ ನೋಡುತ್ತಿದ್ದೆ. ಅಕ್ಕನಿಗೆ ಹೇಳಲಿಲ್ಲ. ಮೊದಲು ಹೊತ್ತು ಸರಿಯಿಲ್ಲ ಅನ್ನಿಸಿತು, ಆಮೇಲೆ ಹೊತ್ತು ಮೀರಿತು ಅನ್ನಿಸಿತು.

ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ಇದೆ, ಮಾತುಕತೆ ಇಲ್ಲ. ಹಬ್ಬಕ್ಕೆ ಫೋನು, ಹುಟ್ಟುಹಬ್ಬಕ್ಕೆ ಮೆಸೇಜು. ನಮ್ಮ ಮನೆಯಲ್ಲಿ ಯುಗಾದಿಯ ಮಾರನೆಯ ಸಂಜೆ ಚಂದ್ರನನ್ನು ನೋಡಿ, ಚಿಕ್ಕವರು ದೊಡ್ಡವರ ಕಾಲಿಗೆ ನಮಸ್ಕಾರ ಮಾಡುವುದು ಪದ್ಧತಿ. ಅಮೆರಿಕಕ್ಕೆ ಬಂದ ಮೇಲೂ ಬಿಟ್ಟಿರಲಿಲ್ಲ. ಅಮ್ಮ ಹೋದ ಮೇಲೆ ನಾನು ಬಗ್ಗಬೇಕಾದ ಕಾಲುಗಳು ಈ ಭೂಮಿಯ ಮೇಲೆ ಅಕ್ಕನ ಆ ಎರಡೇ. ಆದರೆ ಒಂದು ಯುಗಾದಿಗೆ ಅಕ್ಕ ಡ್ಯೂಟಿ ಅಂದಳು. ಇನ್ನೊಂದಕ್ಕೆ ಲಿವರ್‌ಮೋರಿನಲ್ಲಿ ಮೋಡ ಅಂದಳು. ಆ ಸಂಜೆ ಲಿವರ್‌ಮೋರಿನಲ್ಲಿ ಮೋಡ ಇರಲಿಲ್ಲ. ನಾಲ್ಕು ಆ್ಯಪಿನಲ್ಲೂ ನೋಡಿದ್ದೆ.

ಈ ವರ್ಷ ಅಕ್ಕನ ಮಗಳು ನಿಧಿ ಬರ್ಕ್ಲಿಯಿಂದ ಫೋನು ಮಾಡಿದಳು. ಅವಳು ಅಲ್ಲಿ ಸಂಶೋಧನೆ ಮಾಡುತ್ತಾಳೆ. ಅವಳ ವಸಂತದ ರಜೆಯೂ ಯುಗಾದಿಯೂ ಒಟ್ಟಿಗೆ ಬಂದಿವೆ, ಅಮ್ಮನನ್ನು ಹವಾಯಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ನೀನೂ ಬಾ ಅಂದಳು. "ಮಾಮ, ಯು ಆರ್ ಇನ್ ಚಾರ್ಜ್ ಆಫ್ ದ ವೆದರ್" ಅಂತ ಸೇರಿಸಿ ನಕ್ಕಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನನಗೆ ನಗು ಬರಲಿಲ್ಲ. ಈ ಸಲ ಹವೆ ತಪ್ಪುವ ಹಾಗಿರಲಿಲ್ಲ. ಚಂದ್ರನನ್ನು ಅಕ್ಕನಿಗೆ ತೋರಿಸಬೇಕು, ಕಾಲಿಗೆ ಬೀಳಬೇಕು, ಬಿದ್ದಾಗ ಆ ವಿಮಾನದ ಮಾತನ್ನು ಹೇಳಬೇಕು. ಬಗ್ಗಿದ್ದಾಗ ಮುಖ ಕಾಣುವುದಿಲ್ಲ, ಹೇಳುವುದು ಸುಲಭ ಎಂಬುದು ನನ್ನ ಲೆಕ್ಕಾಚಾರ.

ವಿಮಾನದಲ್ಲಿ ಬೇವು

ಹವಾಯಿಗೆ ಹೋಗುವವರು ಗಿಡ, ಹಣ್ಣು, ಎಲೆ ಏನಾದರೂ ತಂದಿದ್ದರೆ ಬರೆದುಕೊಡಬೇಕು. ದ್ವೀಪಕ್ಕೆ ಹೊರಗಿನ ಹುಳ ಬರಬಾರದೆಂಬ ಕಾಳಜಿ. ನನ್ನ ಕೈಚೀಲದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹನ್ನೆರಡು ಬೇವಿನೆಲೆ ಇದ್ದವು. ಫ್ರೀಮಾಂಟಿನ ಗೆಳೆಯರೊಬ್ಬರು ಕುಂಡದಲ್ಲಿ ಬೆಳೆದು, ಚಳಿಗಾಲದಲ್ಲಿ ಮಗುವಿನ ಹಾಗೆ ಮನೆಯೊಳಗೆ ಮಲಗಿಸಿ ಉಳಿಸಿಕೊಂಡ ಗಿಡದ ಎಲೆಗಳು. ಕೇಳಿ ತಂದಿದ್ದೆ.

ಐದು ಗಂಟೆಯ ಹಾರಾಟದಲ್ಲಿ ನಾಲ್ಕು ಗಂಟೆ ಈ ಹನ್ನೆರಡು ಎಲೆ ನನ್ನನ್ನು ತಿಂದವು. ಇಳಿದ ಮೇಲೆ ಯಾರೂ ಕೇಳುವ ಮೊದಲೇ ತಪಾಸಣೆಯ ಕೌಂಟರಿಗೆ ಹೋಗಿ ಪೊಟ್ಟಣ ಬಿಚ್ಚಿಟ್ಟೆ. ಹೂವಿನ ಅಂಗಿ ತೊಟ್ಟ ಭಾರಿ ಆಳು ಎಲೆಗಳನ್ನು ಮೂಸಿ, ಇದು ಯಾವುದಕ್ಕೆ ಎಂದು ಕೇಳಿದ. ಹೊಸ ವರ್ಷದ ದಿನ ಬೆಲ್ಲದ ಜೊತೆ ತಿನ್ನುತ್ತೇವೆ, ವರ್ಷದಲ್ಲಿ ಕಹಿಯೂ ಇರುತ್ತದೆ ಅಂತ, ಎಂದೆ. ಅವನು ಸ್ವಲ್ಪ ಯೋಚಿಸಿ, ಮೊದಲ ದಿನವೇ ತಿಂದು ಮುಗಿಸುವುದು ಒಳ್ಳೆಯ ಉಪಾಯ ಅಂದ. ಆಮೇಲೆ ಎಲೆಗಳನ್ನು ಅತ್ಯಂತ ಮರ್ಯಾದೆಯಿಂದ ಕಸದ ಡಬ್ಬಿಗೆ ಹಾಕಿದ.

"ಮಾಮ, ನೋ ಒನ್ ವುಡ್ ಹ್ಯಾವ್ ನೋನ್" ಎಂದು ನಿಧಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಕ್ಕ ಗಾಜಿನಾಚೆ ಮಳೆ ನೋಡುತ್ತಿದ್ದವಳು ತಿರುಗದೆಯೇ, "ಎಲೆ ವಿಷಯದಲ್ಲಿ ಅವನು ಮುಚ್ಚಿಡೋನಲ್ಲ" ಅಂದಳು.

ಎಲೆ ವಿಷಯದಲ್ಲಿ ಎಂದಳೋ, ಎಲೆ ವಿಷಯದಲ್ಲೂ ಎಂದಳೋ ಎಂದು ಕಾರಿನಲ್ಲಿ ಕೂತ ಮೇಲೂ ಮನಸ್ಸಿನಲ್ಲಿ ಹೊರಳಿಸುತ್ತಿದ್ದೆ.

ಹಿಲೋ, ಮೊದಲ ದಿನ

ನಾವು ಇಳಿದುಕೊಂಡದ್ದು ಹಿಲೋ ಎಂಬ ಊರಿನಲ್ಲಿ. ದ್ವೀಪದ ಪೂರ್ವ ದಂಡೆ. ನಿಧಿ ಮನೆಯ ಫೋಟೋ ನೋಡಿ ಬುಕ್ ಮಾಡಿದ್ದಳು. ಫೋಟೋದಲ್ಲಿ ಎಲ್ಲವೂ ಅಷ್ಟು ಹಸಿರಾಗಿ ಏಕಿದೆ ಎಂದು ಅವಳು ಕೇಳಿಕೊಂಡಿರಲಿಲ್ಲ.

ಈ ದ್ವೀಪದ ವಸಂತವನ್ನು ನಾನು ಅರ್ಥ ಮಾಡಿಕೊಂಡಷ್ಟು ಹೇಳುತ್ತೇನೆ. ಬಿಸಿಲಿಗೆ ಅಲ್ಲಿ ಅವಸರವಿಲ್ಲ, ಚಳಿಗೆ ಹೆಸರೇ ಇಲ್ಲ. ಬೆಳಿಗ್ಗೆ ಎದ್ದಾಗ ಮೈಗೆ ಹತ್ತುವ ಹದ, ಸಂಜೆಯವರೆಗೆ ಅದೇ ಹದ. ಈಶಾನ್ಯದಿಂದ ಒಂದು ಗಾಳಿ ದಿನವಿಡೀ ಬೀಸುತ್ತದೆ. ಅದು ಸಮುದ್ರದಿಂದ ಮೋಡ ಹೊತ್ತು ತಂದು ಮಧ್ಯದ ಬೆಟ್ಟಕ್ಕೆ ಒರಗಿಸುತ್ತದೆ, ಬೆಟ್ಟದ ಈಚೆ ಮಳೆ, ಆಚೆ ಬಿಸಿಲು. ಮಳೆಗಾಲ ಇನ್ನೂ ಪೂರ್ತಿ ಎದ್ದು ಹೋಗಿರುವುದಿಲ್ಲ. ಬರುವ ಮಳೆಯೂ ನಮ್ಮ ಆಷಾಢದ ಹಾಗೆ ಹಿಡಿದು ಕೂರುವುದಲ್ಲ. ಹತ್ತು ನಿಮಿಷ ಸುರಿದು, ಐದು ನಿಮಿಷ ಬಿಸಿಲು ಬಿಟ್ಟು, ಏನೋ ಮರೆತವರ ಹಾಗೆ ಮತ್ತೆ ಬರುತ್ತದೆ. ಮೊದಲ ದಿನವೇ ಮೂರು ಕಾಮನಬಿಲ್ಲು ಕಂಡೆ. ಮೂರನೆಯದರ ಹೊತ್ತಿಗೆ ಫೋಟೋ ತೆಗೆಯುವುದನ್ನು ಬಿಟ್ಟು ಅಕ್ಕನ ಬಟ್ಟೆ ಒಣಗಿತೇ ಎಂದು ನೋಡಲು ಹೋದೆ.

ನನ್ನ ಮೂರು ಛತ್ರಿಗಳಲ್ಲಿ ಎರಡನ್ನು ಆ ಗಾಳಿ ಅಂಗಳದಲ್ಲೇ ಮಗುಚಿ ಹಾಕಿತು. ಊರಿನಲ್ಲಿ ಛತ್ರಿ ಹಿಡಿದವನು ನಾನೊಬ್ಬನೇ. ಜನ ನೆನೆಯುತ್ತಾರೆ, ಇಲ್ಲವೇ ಯಾವುದಾದರೂ ಸೂರಿನಡಿ ನಿಲ್ಲುತ್ತಾರೆ. ನಿಂತವರು ಆಕಾಶ ನೋಡುವುದಿಲ್ಲ, ಗಡಿಯಾರವನ್ನೂ ನೋಡುವುದಿಲ್ಲ. ಪಕ್ಕದವರ ಜೊತೆ ಮೀನಿನ ವಿಷಯ ಮಾತಾಡುತ್ತಾರೆ.

ಮನೆಯೊಡತಿಗೆ ಎಪ್ಪತ್ತು ದಾಟಿತ್ತು. ಅವಳ ಅಜ್ಜ ಜಪಾನಿನಿಂದ ಕಬ್ಬಿನ ಗದ್ದೆಗೆ ಬಂದವನಂತೆ. ಇಡೀ ಬೀದಿ ಅವಳನ್ನು ಆಂಟಿ ಎಂದು ಕರೆಯುತ್ತಿತ್ತು. ಅಪರಿಚಿತ ಹಿರಿಯರನ್ನೆಲ್ಲ ಆಂಟಿ, ಅಂಕಲ್ ಮಾಡಿಬಿಡುವುದು ನಮ್ಮ ಜಾತಿಯ ಕಾಯಿಲೆ ಎಂದುಕೊಂಡಿದ್ದೆ. ಪೆಸಿಫಿಕ್ಕಿನ ನಡುವೆಯೂ ಇದೆ. ಚಪ್ಪಲಿ ಬಾಗಿಲ ಹೊರಗೆ ಬಿಡಬೇಕು, ಬಂದವರಿಗೆ ಹಣ್ಣು ಕೊಡದೆ ಕಳಿಸಬಾರದು. ಅಕ್ಕ ಅರ್ಧ ಗಂಟೆಯಲ್ಲಿ ಅವಳ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು.

ನಾಳಿದ್ದು ಸಂಜೆ ಮಳೆ ಬರುತ್ತದೆಯೇ ಎಂದು ನಾನು ಆಂಟಿಯನ್ನು ಕೇಳಿದೆ. ಯಾವ ಬೀದಿಯಲ್ಲಿ ಎಂದು ಅವಳು ಕೇಳಿದಳು. ಊರಿನಲ್ಲಿ ಅಂದೆ. ಊರಿಗೆಲ್ಲ ಒಂದೇ ಹವೆ ಎಲ್ಲಿಂದ ಬರಬೇಕು ಎನ್ನುವಂತೆ ನನ್ನನ್ನು ನೋಡಿ ಅವಳು ಅಕ್ಕನ ಕಡೆ ತಿರುಗಿದಳು. ಇವನು ಯಾವಾಗಲೂ ಹೀಗೇನಾ ಎಂದು ಕೇಳಿದಳು. ಅಕ್ಕ ಏನು ಉತ್ತರ ಕೊಟ್ಟಳೋ ನನಗೆ ಕೇಳಿಸಲಿಲ್ಲ. ಇಬ್ಬರೂ ನಗಲಿಲ್ಲ ಎಂಬುದು ಮಾತ್ರ ಕಾಣಿಸಿತು.

ನಾನೂ ಸೋಲಲಿಲ್ಲ. ಒಂದು ಯೋಜನೆ ಮಾಡಿದೆ. ಮೈಸೂರಿನ ಪಂಚಾಂಗದ ಪ್ರಕಾರ ನಾಳೆ ಯುಗಾದಿ, ನಾಳಿದ್ದು ಸಂಜೆ ಚಂದ್ರದರ್ಶನ. ನಾಳಿದ್ದು ಮಧ್ಯಾಹ್ನವೇ ಹೊರಟು, ಬೆಟ್ಟ ಹತ್ತಿ ಇಳಿದು, ಬಿಸಿಲಿರುವ ಪಶ್ಚಿಮ ದಂಡೆಗೆ ಹೋಗುವುದು. ಸಮುದ್ರದ ಮೇಲೆ ಬಯಲು ಆಕಾಶ, ಸೂರ್ಯ ಮುಳುಗಿದ ಹತ್ತು ನಿಮಿಷಕ್ಕೆ ಚಂದ್ರ. ಬೆಟ್ಟದ ಮೇಲೆ ಮಂಜು ಇದ್ದರೆ ಇನ್ನೊಂದು ದಾರಿ. ಆ ದಾರಿಯಲ್ಲಿ ರಿಪೇರಿ ಇದ್ದರೆ ಮತ್ತೊಂದು. ಕಾಗದದ ಮೇಲೆ ಬರೆದು ನಿಧಿಗೆ ತೋರಿಸಿದೆ. ಪ್ಲ್ಯಾನ್ 'ಡಿ'ವರೆಗೂ ಓದಿ ಅವಳು, "ಮಾಮ, ಇಟ್ಸ್ ಅ ಮೂನ್" ಅಂದಳು.

ಹಿಲೋ, ಯುಗಾದಿ

ಬೆಳಿಗ್ಗೆ ಎಣ್ಣೆನೀರು, ಡಬ್ಬಿಯಲ್ಲಿ ತಂದ ಒಬ್ಬಟ್ಟು. ಬೇವಿನ ಜಾಗಕ್ಕೆ ಆಂಟಿ ಹಿತ್ತಲಿನಿಂದ ಒಂದು ಎಳೆ ಹಾಗಲಕಾಯಿ ತಂದುಕೊಟ್ಟಳು. ಕಹಿ ಬೇಕಾಗಿದೆ ಎಂದು ಹೇಳಿಕೊಂಡು ಅವಳ ಮನೆಗೆ ಬಂದವರು ನಾವೇ ಮೊದಲಂತೆ. ಬೆಲ್ಲದ ಜೊತೆ ಹಾಗಲದ ಚೂರು ಬಾಯಿಗಿಟ್ಟ ನಿಧಿ ಮುಖ ಹಿಂಡಿದಳು. ಅಕ್ಕ ಸದ್ದಿಲ್ಲದೆ ಅಗಿದು ನುಂಗಿದಳು. ಅವಳು ಯಾವಾಗಲೂ ಬೆಲ್ಲ ಬೇರೆ, ಕಹಿ ಬೇರೆ ತಿನ್ನುವವಳು. ಮೊದಲು ಕಹಿ.

ದಿನವೆಲ್ಲ ನಾನು ಮರುದಿನದಲ್ಲಿ ಬದುಕಿದೆ. ಜಲಪಾತ ನೋಡುವಾಗ ಪಶ್ಚಿಮದ ಮೋಡ ನೋಡಿದೆ. ಸಂತೆಯಲ್ಲಿ ಪಪ್ಪಾಯಿ ಆರಿಸುವಾಗಲೂ ಫೋನು ತೆಗೆದೆ. ಪಶ್ಚಿಮ ದಂಡೆಯ ಕಡೆ ಜ್ವಾಲಾಮುಖಿಯ ಹೊಗೆ ತೇಲಿಹೋಗಿ ಆಕಾಶ ಮಬ್ಬಾಗುವುದೂ ಉಂಟು ಎಂದು ಎಲ್ಲೋ ಓದಿದೆ. ಮಳೆ, ಮೋಡ, ಮಂಜಿನ ಜೊತೆಗೆ ಹೊಗೆಯೂ ಸೇರಿತು. ಬೆಂಕಿ ಉಗುಳುವ ಬೆಟ್ಟವನ್ನು ನನ್ನ ಚಿಂತೆಯ ಪಟ್ಟಿಯಲ್ಲಿ ಹೇಗೆ ಬಿಟ್ಟಿದ್ದೆನೋ.

ಸಂಜೆ ನಾಳೆಯ ದಾರಿಗೆ ತಿಂಡಿ ಕೊಳ್ಳಲು ಗ್ರೋಸರಿ ಅಂಗಡಿಗೆ ಹೋದೆವು. ಸಾಮಾನು ತುಂಬಿದ ತಳ್ಳುಗಾಡಿಯೊಂದಿಗೆ ನಾನೂ ಅಕ್ಕನೂ ಹೊರಗೆ ಬಂದೆವು. ನಿಧಿ ಮೊಸರು ಮರೆತೆನೆಂದು ಒಳಗೆ ಓಡಿದಳು. ಆಗ ತಾನೇ ಮಳೆ ನಿಂತಿತ್ತು. ಪಾರ್ಕಿಂಗ್ ಜಾಗದ ಡಾಂಬರು ಹೊಗೆಯಾಡುತ್ತಿತ್ತು. ನಾನು ಫೋನಿನಲ್ಲಿ ನಾಳೆಯ ಸಂಜೆಯನ್ನು ನೋಡುತ್ತಿದ್ದೆ. ನಾಲ್ಕೂ ಆ್ಯಪುಗಳು ಎಂದೂ ಇಲ್ಲದ ಹಾಗೆ ಒಪ್ಪಿಕೊಂಡಿದ್ದವು, ನಾಳೆ ಆ ದಂಡೆಯಲ್ಲಿ ಬಯಲು ಆಕಾಶ. ನನಗೆ ಎರಡು ವಾರದಲ್ಲಿ ಮೊದಲ ಸಲ ಎದೆ ಹಗುರಾಯಿತು.

"ಗೋಪಿ, ಚಂದ್ರ" ಅಂದಳು ಅಕ್ಕ.

"ಇವತ್ತಲ್ಲಕ್ಕ, ನಾಳೆ" ಎಂದೆ, ತಲೆ ಎತ್ತದೆ.

"ಅಲ್ಲಿದಾನೆ ನೋಡೋ."

"ಪಂಚಾಂಗದಲ್ಲಿ ನಾಳೆ ಅಂತ ಇದೆ. ಇವತ್ತು ಕಾಣ್ಸೋಕೆ ಆಗಲ್ಲ, ಬೇರೆ ಏನೋ ಇರ್ಬೇಕು. ನಾಳೆ ಆ ಕಡೆ ಆಕಾಶ ಚೆನ್ನಾಗಿರತ್ತೆ, ನಾಳೆ ನೋಡೋಣ."

ತಳ್ಳುಗಾಡಿಯ ಹಿಡಿಯ ಮೇಲೆ ಅಕ್ಕನ ಕೈ ಬಿಗಿಯಾದದ್ದು ಫೋನಿನ ಅಂಚಿನಿಂದ ಕಾಣಿಸಿತು.

"ನನಗೆ ಇನ್ನೊಂದು ಸಲ ನಾಳೆ ಅಂತ ಹೇಳ್ಬೇಡ ಗೋಪಿ" ಅಂದಳು. ದನಿ ಏರಿರಲಿಲ್ಲ. ಸೂಜಿಗೆ ಹೆದರುವ ಮಗುವಿನ ತಾಯಿಗೆ ಹೇಳುವಾಗ ಅವಳ ದನಿ ಹಾಗಿರುತ್ತದೆ.

ನಾನು ತಲೆ ಎತ್ತಿದೆ. ಅಂಗಡಿಯ ಎದುರಿನ ದೊಡ್ಡ ಬೆಟ್ಟದ ಮೇಲೆ ಮೋಡ ಎರಡಾಗಿ ಸೀಳಿತ್ತು. ಸೀಳಿನಲ್ಲಿ ಚಂದ್ರ. ಉಗುರು ಕತ್ತರಿಸಿ ಬಿದ್ದಷ್ಟೇ, ಆದರೆ ಅನುಮಾನಕ್ಕೆ ಎಡೆಯಿಲ್ಲದ ಚಂದ್ರ. ಯೂನಿಯನ್ ಸಿಟಿಯ ಚಂದ್ರ ಒಂದು ಪಕ್ಕಕ್ಕೆ ವಾಲಿರುತ್ತಾನೆ. ಇಲ್ಲಿ ದೋಣಿಯ ಹಾಗೆ ಮಲಗಿದ್ದ, ಎರಡು ಕೊಂಬೂ ಸಮ. ಮೈಸೂರಿನ ತಾರಸಿಯ ಮೇಲೆ ಅಮ್ಮ, ಯಾವ ಕೊಂಬು ಎತ್ತರ ಎಂದು ನೋಡಿ ಆ ವರ್ಷದ ಮಳೆ ಹೇಳುತ್ತಿದ್ದಳು. ಅದು ಎಂದಾದರೂ ನಿಜವಾಗಿತ್ತೇ ಎಂದು ಯಾರೂ ವಿಚಾರಿಸಿರಲಿಲ್ಲ.

ಆಮೇಲೆ ಯೋಚಿಸಿದಾಗ ತಿಳಿಯಿತು. ಆ ದ್ವೀಪದಲ್ಲಿ ಸಂಜೆಯಾಗುವ ಹೊತ್ತಿಗೆ ಮೈಸೂರಿನಲ್ಲಿ ಮರುದಿನದ ಬೆಳಗಾಗಿರುತ್ತದೆ. ಅಷ್ಟು ಹೊತ್ತಿನಲ್ಲಿ ಚಂದ್ರ ಬೆಳೆದಿರುತ್ತಾನೆ. ನಾವು ಊರಿನ ಪಂಚಾಂಗವನ್ನು ಊರಿನ ತಾರೀಖಿನ ಸಮೇತ ತಂದಿದ್ದೆವು. ಇಷ್ಟು ವರ್ಷ ಯೂನಿಯನ್ ಸಿಟಿಯಲ್ಲೂ ಯುಗಾದಿಯ ಸಂಜೆಯೇ ಎಷ್ಟೋ ಸಲ ಅವನು ಬಂದು ಹೋಗಿರಬೇಕು. ಇವತ್ತಲ್ಲ, ನಾಳೆ ಎಂದು ನಾವು ಯಾರೂ ಕತ್ತು ಎತ್ತಿರಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಗಳಿಗೆಯಲ್ಲಿ ನಾನು ಬಗ್ಗಲಿಲ್ಲ. ಮುಖ ಮುಚ್ಚಿಕೊಂಡು ಹೇಳುವ ನನ್ನ ಉಪಾಯ ಮರೆತೇಹೋಯಿತು. ಅಕ್ಕನ ಮುಖ ನೋಡುತ್ತಲೇ ಹೇಳಿದೆ, "ಅಕ್ಕ, ಅವತ್ತು ಬಿರುಗಾಳಿ ಬರಲಿಲ್ಲ. ನಿನ್ನ ವಿಮಾನ ಸರಿಯಾದ ಟೈಮಿಗೆ ಹೊರಟಿತ್ತು. ಅವತ್ತೇ ನೋಡಿದ್ದೆ. ನಿನಗೆ ಹೇಳಲಿಲ್ಲ."

"ಗೊತ್ತು" ಅಂದಳು.

"ಯಾವಾಗಿಂದ?"

"ಮೈಸೂರಿಂದ ವಾಪಸ್ ಬಂದ ವಾರನೇ ನೋಡ್ದೆ."

ಹಾಗಾದರೆ ಏಕೆ ಕೇಳಲಿಲ್ಲ ಎಂದೆ. ಅವಳು ಚಂದ್ರನನ್ನೇ ನೋಡುತ್ತಿದ್ದಳು.

"ಕೇಳಿದ್ರೆ ನೀನು ಹೇಳ್ಬಿಡ್ತಿದ್ದೆ. ಬೇವಿನೆಲೆ ಬಿಚ್ಚಿಟ್ಟ ಹಾಗೆ. ಕೇಳದೇ ಹೇಳ್ತಾನಾ ಅಂತ ಕಾಯ್ತಿದ್ದೆ. ಗಾಳಿ ತಿರುಗಿದ್ದಕ್ಕೆ ನಿನ್ನ ಮೇಲೆ ನನಗೇನು ಸಿಟ್ಟೋ? ಗಾಳಿ ತಿರುಗತ್ತೆ. ತಿರುಗ್ತು ಅಂತ ನನಗೆ ಹೇಳ್ಬೇಕಾದೋನು ನೀನೇ ಅಲ್ವಾ?"

ಆಗ ಬಗ್ಗಿದೆ. ಐವತ್ಮೂರರ ಮಂಡಿ, ಒದ್ದೆ ಡಾಂಬರು, ಅಷ್ಟು ಚೆನ್ನಾಗಿ ಬಗ್ಗಲಿಲ್ಲ. ಅಕ್ಕನ ಕೈತಪ್ಪಿದ ತಳ್ಳುಗಾಡಿ ಇಳಿಜಾರಿಗೆ ಉರುಳತೊಡಗಿತು. ಅಕ್ಕ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡಳು, ಇನ್ನೊಂದನ್ನು ನನ್ನ ತಲೆಯ ಮೇಲಿಟ್ಟಳು. ನಮ್ಮ ಹಿಂದೆ ಕಾರು ತೆಗೆಯಬೇಕಾಗಿದ್ದ ಒಬ್ಬ ಮುದುಕ ಇಂಜಿನ್ನು ಆರಿಸಿ, ತನ್ನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ. ಹಾರ್ನು ಮಾಡಲಿಲ್ಲ. ಏನು ನಡೆಯುತ್ತಿದೆ ಎಂದುಕೊಂಡನೋ ಗೊತ್ತಿಲ್ಲ. ನಾವು ಬದಿಗೆ ಸರಿದೆವು, ಅವನು ಕೈಯೆತ್ತಿ ಹೋದ.

ಅಕ್ಕ ಆಶೀರ್ವಾದದ ಮಾತು ಏನೂ ಹೇಳಲಿಲ್ಲ. ನಾನು ಎದ್ದು ಮಂಡಿ ಒರೆಸಿಕೊಳ್ಳುತ್ತಿದ್ದಾಗ, "ಅಮ್ಮನ ಸುದ್ದಿ ಬಂದಾಗ ನಾನು ಎಲ್ಲಿದ್ದೆ, ಏನ್ಮಾಡ್ತಿದ್ದೆ, ನೀನು ಒಂದು ದಿನವೂ ಕೇಳಲಿಲ್ಲ" ಅಂದಳು.

ನಿಜ. ಕೇಳಿರಲಿಲ್ಲ. ಕೇಳಿದರೆ ವಿಮಾನದ ಮಾತು ಬರುತ್ತದೆ ಎಂದು.

"ಎಲ್ಲಿದ್ದೆ ಅಕ್ಕ?"

ಅವಳು ಹೇಳಲು ಶುರುಮಾಡಿದಳು. ಆ ಏರ್‌ಪೋರ್ಟಿನ ಉದ್ದನೆಯ ಕಿಟಕಿ, ಪಕ್ಕದಲ್ಲಿ ಚಪ್ಪಲಿ ಬಿಟ್ಟು ಮಲಗಿದ್ದ ಒಂದು ದೊಡ್ಡ ಕುಟುಂಬ, ಆ ಮನೆಯ ಹೆಂಗಸು ಭಾಷೆ ಬಾರದೆಯೇ ಇವಳ ಕೈ ಹಿಡಿದು ಕೂತದ್ದು, ಮುಂದಿನ ವಿಮಾನಕ್ಕೆ ಇನ್ನೂ ಇದ್ದ ಆರು ಗಂಟೆ. ಹೋಗಿ ಏನು ಮಾಡಲಿ ಎಂದು ಅನ್ನಿಸಿದ್ದು. ನನಗೆ ಫೋನು ಮಾಡಲು ನಂಬರು ಒತ್ತಿ ಇಟ್ಟುಬಿಟ್ಟದ್ದು. ಮೂರು ವರ್ಷ ಒಳಗೇ ಇದ್ದದ್ದು ಒಂದೊಂದೇ, ಅವಸರವಿಲ್ಲದೆ.

ಬೆಟ್ಟದ ಮೇಲೆ ಮೋಡ ಮುಚ್ಚಿಕೊಂಡಿತು. ಅಂಗಡಿಯ ಆ ಕೊನೆಯಲ್ಲಿ ಮಳೆ ಡಾಂಬರಿನ ಮೇಲೆ ನಡೆದುಕೊಂಡು ಬರುವುದು ಕಂಡಿತು. ಮೊದಲ ಹನಿ ಅಕ್ಕನ ಭುಜಕ್ಕೆ ಬಿತ್ತು, ಆಮೇಲೆ ಕೂದಲಿಗೆ, ಆಮೇಲೆ ಒಬ್ಬಟ್ಟಿನ ಡಬ್ಬಿಗೆಂದು ಕೊಂಡಿದ್ದ ಕಾಗದದ ಚೀಲಕ್ಕೆ. ಅವಳು ಇನ್ನೂ ಆ ಕಿಟಕಿಯ ಪಕ್ಕದಲ್ಲೇ ಕೂತಿದ್ದಳು.

ಮಳೆ ಬರ್ತಿದೆ ಎಂದು ನಾನು ಹೇಳಲಿಲ್ಲ. "ಆಮೇಲೆ?" ಎಂದೆ.